ರುಚಿ ನೋಡಿದ್ದು ಲೆಕ್ಕಕ್ಕಿಲ್ಲ

ಮಾರ್ಚ್ 5, ಮಂಗಳವಾರ, ಸಂಜೆ 7

ಇವತ್ತೂ ನಲವತ್ತು ಕಿಲೋ ಕಪ್ಪೆಚಿಪ್ಪು. ನಾಲ್ಕು ಸಲ ತೊಳೆದರೂ ಮರಳು. ಹೊಸ ಸೂಪರ್‌ವೈಸರಿಗೆ ಏನು — ಜನವರಿಯಲ್ಲಿ ಬಂದು ಕುರ್ಚಿಯಲ್ಲಿ ಕುಳಿತ ಕೂಡಲೇ ‘ಮಂಗಳವಾರ, ಶುಕ್ರವಾರ ಚಿಪ್ಪಿನ ಸಾರು’ ಎಂದು ಬೋರ್ಡಿನಲ್ಲಿ ಬರೆದುಬಿಟ್ಟರು. ತೊಳೆಯುವವರು ನಾವು. ಎರಡನೇ ಶಿಫ್ಟಿನ ಮುನ್ನೂರು ಜನ ಮಾತ್ರ ತಟ್ಟೆ ನೆಕ್ಕಿಟ್ಟು ಹೋಗುತ್ತಾರೆ. ಹಡಗಿಗೆ ಬಣ್ಣ ಬಳಿಯುವವನೊಬ್ಬ ಕಿಟಕಿಯಲ್ಲಿ ತಲೆ ತೂರಿಸಿ, "ಅಕ್ಕಾ, ನಿಮ್ಮ ಕೈಗೆ ಬಂಗಾರದ ಬಳೆ ಹಾಕ್ಬೇಕು" ಅಂದ. ಹಾಕಲಿ, ಯಾರು ಬೇಡ ಅಂದರು. ಹತ್ತೊಂಬತ್ತು ವರ್ಷದಿಂದ ಈ ಹಡಗು ಕಟ್ಟುವ ಯಾರ್ಡಿನ ಕ್ಯಾಂಟೀನಿನಲ್ಲಿ ಒಲೆ ಮುಂದೆ ನಿಂತಿದ್ದೇನೆ, ಬಾಯಿಮಾತಿನ ಬಳೆಗಳೇ ಒಂದು ಪೆಟ್ಟಿಗೆ ಆಗಿವೆ.

ಆದರೆ ಆ ಕೈ ಈಗ ಕೆರೆಯುತ್ತಿದೆ. ಮನೆಗೆ ಬಂದು, ಸೊಸೆ ಬಡಿಸಿದ್ದನ್ನು ತಿಂದು, ಕಾಲು ಚಾಚಿ ಕುಳಿತು ಹತ್ತು ನಿಮಿಷವಿಲ್ಲ... ಎಡಗೈಯ ಹೆಬ್ಬೆರಳ ಬುಡದಲ್ಲಿ ಕೆಂಪು ದದ್ದು. ಅಲ್ಲಿಂದ ಮೊಣಕೈ, ಕುತ್ತಿಗೆ. ಇದು ಐದನೇ ಸಲವೋ ಆರನೆಯದೋ. ಇವರು ಪದಬಂಧದಿಂದ ತಲೆ ಎತ್ತದೆ "ಸೊಳ್ಳೆ" ಅಂದರು. ನಲವತ್ತು ಸೊಳ್ಳೆ ಸಾಲಾಗಿ ಬಂದು ನನ್ನೊಬ್ಬಳನ್ನೇ ಕಚ್ಚಿ, ಪಕ್ಕದಲ್ಲೇ ಕುಳಿತ ಗಂಡಸನ್ನು ಬಿಟ್ಟು ಹೋದವೇ?

ಮಾರ್ಚ್ 8, ಶುಕ್ರವಾರ

ಮತ್ತೆ. ಈ ಸಲ ಕಿವಿಯ ಹಿಂದೆಯೂ.

ಕ್ಯಾಲೆಂಡರ್ ಮುಂದೆ ನಿಂತು ಎಣಿಸಿದೆ. ಎಲ್ಲವೂ ಮಂಗಳವಾರ, ಇಲ್ಲವೇ ಶುಕ್ರವಾರ. ಆ ಎರಡು ದಿನ ನನಗೆ ಕೆಲಸ ಹೆಚ್ಚು ಅಂತ ಮನೆಯಲ್ಲಿ ಸೊಸೆಯ ಅಡುಗೆ. ಉಳಿದ ದಿನ ನನ್ನದು. ಉಳಿದ ದಿನ ಮೈ ಮೇಲೆ ಒಂದು ಚುಕ್ಕೆ ಇಲ್ಲ. ಅವಳು ಈ ಮನೆಗೆ ಬಂದದ್ದು ಜನವರಿಯಲ್ಲಿ. ಕೆರೆತ ಶುರುವಾದದ್ದು ಫೆಬ್ರವರಿಯಲ್ಲಿ.

ಬರೆದದ್ದನ್ನು ಎರಡು ಸಲ ಓದಿದೆ. ಬರೆಯಬಾರದಿತ್ತು. ಅಳಿಸುವುದೂ ಇಲ್ಲ.

ಮಾರ್ಚ್ 9, ಶನಿವಾರ

ಡಾಕ್ಟರ್ ಹತ್ತಿರ ಹೋಗಿದ್ದೆ. ಚಿಕ್ಕ ವಯಸ್ಸಿನವಳು, ಆದರೆ ಪ್ರಶ್ನೆಗಳು ಪೊಲೀಸರದ್ದು. ಸೋಪು ಯಾವುದು, ಎಣ್ಣೆ ಯಾವುದು, ಮನೆಯಲ್ಲಿ ಬೆಕ್ಕಿದೆಯಾ.

"ಹೊರಗೆ ಏನಾದ್ರೂ ತಿಂತೀರಾ?"

"ಇಲ್ಲಮ್ಮ. ಡಬ್ಬಿ ಮನೆಯಿಂದ."

"ಕ್ಯಾಂಟೀನಲ್ಲಿ ಕೆಲಸ ಅಂದ್ರಲ್ಲ?"

"ಅಲ್ಲಿ ಅಡುಗೆ ಮಾಡೋಳು ನಾನು. ಒಂದು ತುತ್ತು ಅಲ್ಲಿ ತಿನ್ನಲ್ಲ."

ನಿಜವೇ ಹೇಳಿದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ಅಲ್ಲಿ ತಟ್ಟೆ ಇಟ್ಟುಕೊಂಡು ಕೂತವಳಲ್ಲ. ಮಾಡಿದವಳೇ ತಿನ್ನಲು ಕೂತರೆ ಸರತಿಯಲ್ಲಿ ನಿಂತವರಿಗೆ ಏನು ಮರ್ಯಾದೆ? ಹೊಗಳುತ್ತಾಳೆ ಅಂದುಕೊಂಡಿದ್ದೆ. ಹೊಗಳಲಿಲ್ಲ. ಮಾತ್ರೆ ಬರೆದುಕೊಟ್ಟು, ದಿನಾ ತಿಂದದ್ದನ್ನೆಲ್ಲ ಬರೆದಿಡಿ ಎಂದು ಗೆರೆ ಹಾಕಿದ ಹಾಳೆ ಕೊಟ್ಟಳು. ಅದರಲ್ಲಿ ನೀಟಾಗಿ ಬರೆಯುತ್ತೇನೆ. ಮನಸ್ಸಿನಲ್ಲಿರುವುದೆಲ್ಲ ಇಲ್ಲಿ.

ಮಾರ್ಚ್ 13, ಬುಧವಾರ

ನಿನ್ನೆ ತುಟಿಯೂ ಊದಿತು. ಕನ್ನಡಿಯಲ್ಲಿ ನೋಡಿ ನಾನೇ ಬೆಚ್ಚಿದೆ. ಸೊಸೆ ಮಾಡಿದ್ದು ಬರೀ ಅನ್ನ, ಬೇಳೆ, ಹುರಿದ ಬೀನ್ಸ್. ಹಾಳೆಯಲ್ಲಿ ಹಾಗೇ ಬರೆದೆ. ಅವಳು ಮಲಗಿದ ಮೇಲೆ... ಛೆ, ಹೇಳಿಕೊಳ್ಳಲು ನಾಚಿಕೆ. ಅವಳ ತವರಿನಿಂದ ಬಂದ ಮಸಾಲೆ ಡಬ್ಬಿಗಳ ಮುಚ್ಚಳ ತೆಗೆದು ಒಂದೊಂದಾಗಿ ಮೂಸಿದೆ. ಒಂದರಲ್ಲೂ ತಪ್ಪಿಲ್ಲ. ಒಂದಂತೂ ನನ್ನದಕ್ಕಿಂತ ಘಮಘಮ.

ಇವತ್ತು ಬೆಳಗ್ಗೆ ಸಾರಿಗೆ ಉಪ್ಪು ನೋಡುತ್ತಿದ್ದೆ. ಸೌಟಿನಿಂದ ಎಡಗೈ ಹೆಬ್ಬೆರಳ ಬುಡಕ್ಕೆ ಒಂದು ತೊಟ್ಟು, ಅಲ್ಲಿಂದ ನಾಲಿಗೆಗೆ. ಸೊಸೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ನಿಂತು ನೋಡುತ್ತಿದ್ದಳು. ಕನ್ನಡಕದ ಅಂಗಡಿಯಲ್ಲಿ ದಿನವೆಲ್ಲ ಗಾಜು ಉಜ್ಜುವ ಹುಡುಗಿ, ಎಲ್ಲವನ್ನೂ ಹತ್ತಿರ ಹಿಡಿದು ನೋಡುವ ಚಟ.

"ಅತ್ತೆ, ಕ್ಯಾಂಟೀನಲ್ಲೂ ಹೀಗೇ ರುಚಿ ನೋಡ್ತೀರಾ?"

"ಮತ್ತೆ ಹೇಗೆ? ಸೌಟು ಬಾಯಿಗಿಟ್ಟು ಎಂಜಲು ಮಾಡೋದಾ?"

"ಹಾಗಲ್ಲ... ದದ್ದು ಯಾವಾಗ್ಲೂ ಅಲ್ಲೇ ಶುರುವಾಗುತ್ತೆ. ಆ ಜಾಗದಲ್ಲೇ."

ನನಗೆ ಎಲ್ಲಿತ್ತೋ ಸಿಟ್ಟು. ಮುನ್ನೂರು ಜನ ತಿಂದು ಅರಗಿಸಿಕೊಳ್ಳುವ ನನ್ನ ಸಾರಿನ ಮೇಲೆ ಬೆರಳು ತೋರಿಸುತ್ತಾಳೆ, ಬಂದು ಮೂರು ತಿಂಗಳಾಗಿಲ್ಲ! ಬಾಯಿಗೆ ಬಂದದ್ದು ಬಂದೇಬಿಟ್ಟಿತು. "ನಾಳೆಯಿಂದ ನನಗೆ ಅಂತ ನೀನು ಅಡುಗೆ ಮಾಡ್ಬೇಡ. ನಿನ್ನ ಕೈಯಡುಗೆ ನನ್ನ ಮೈಗೆ ಆಗಿ ಬರ್ತಿಲ್ಲ."

ಅವಳು ತಿಂಡಿ ತಿನ್ನದೆ ಹೋದಳು.

ಮಾರ್ಚ್ 15, ಶುಕ್ರವಾರ

ಚಿಪ್ಪು ಬರಲಿಲ್ಲ. ಕೊಲ್ಲಿಯ ನೀರು ಕೆಟ್ಟಿದೆಯಂತೆ, ಪರೀಕ್ಷೆಯಲ್ಲಿ ಸರಿಬರುವವರೆಗೆ ಚಿಪ್ಪು ತೆಗೆಯುವುದು ಬಂದ್. ಬದಲಿಗೆ ಮೀನು ಹುರಿದೆವು. ಎರಡನೇ ಅಡುಗೆಯವಳು, ನಾವು ಗಡಿಬಿಡಿ ಎಂದೇ ಕರೆಯುವವಳು, ಮರಳು ತೊಳೆಯುವುದು ತಪ್ಪಿತೆಂದು ಕುಣಿದಾಡಿ ಒಂದು ತಟ್ಟೆ ಒಡೆದಳು.

ಮನೆಗೆ ಬಂದು ನಾನೇ ಬ್ರೆಡ್ಡು, ಮೊಟ್ಟೆ ಮಾಡಿಕೊಂಡು ತಿಂದೆ. ಕೈ ನೋಡಿಕೊಂಡೆ. ಏನೂ ಇಲ್ಲ.

ಮಾರ್ಚ್ 26, ಮಂಗಳವಾರ

ಎರಡು ವಾರ. ಮೈ ತೊಳೆದ ತಟ್ಟೆಯ ಹಾಗಿದೆ. ಅವಳ ಅಡುಗೆ ನಿಂತಿತು, ಕೆರೆತ ನಿಂತಿತು. ಇನ್ನೇನು ಸಾಕ್ಷಿ ಬೇಕು?

ಇವರ ಹತ್ತಿರ ಹೇಳಿದೆ. ಇವರು ಪೆನ್ಸಿಲ್ ಕೆಳಗಿಟ್ಟರು. ಮೂವತ್ತು ವರ್ಷ ಕ್ರೇನ್ ಓಡಿಸಿದ ಮನುಷ್ಯ, ಏನನ್ನೂ ಅವಸರದಲ್ಲಿ ಕೆಳಗಿಡುವವರಲ್ಲ.

"ಹಾಗಾದ್ರೆ ಹುಡುಗಿ ವಿಷ ಹಾಕಿದ್ಲು ಅಂತೀಯಾ?"

"ಹಾಗಂದೆನಾ ನಾನು? ಆಗಿ ಬರಲ್ಲ ಅಂದೆ."

"ಅವಳ ಅಡುಗೆ ನಾನೂ ತಿಂತೀನಿ. ನೋಡು, ಹೇಗಿದ್ದೀನಿ."

"ನಿಮಗೆ ಕಲ್ಲು ಬೇಯಿಸಿ ಹಾಕಿದ್ರೂ ಆಗುತ್ತೆ."

ತಿರುಗಿ ನೋಡಿದರೆ ಬಾಗಿಲಲ್ಲಿ ಮಗ. ಲಿಫ್ಟ್ ರಿಪೇರಿಯ ಬ್ಯಾಗು ಇನ್ನೂ ಹೆಗಲಲ್ಲಿ. ಎಲ್ಲ ಕೇಳಿಸಿಕೊಂಡಿದ್ದಾನೆ. ಹುಟ್ಟಿದ ದಿನದಿಂದ ಒಂದು ಮಾತಿಗೆ ಹತ್ತು ಮಾತಾಡುವವನು, ಇವತ್ತು ಬಾಯಿಗೆ ಬೀಗ ಹಾಕಿಕೊಂಡು ರೂಮಿಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 6, ಶನಿವಾರ

ಬರೆಯಲು ಮನಸ್ಸಿರಲಿಲ್ಲ ಇಷ್ಟು ದಿನ.

ಮಗ, ಸೊಸೆಗೆ ಬೇರೆ ರೂಮು ಸಿಕ್ಕಿದೆಯಂತೆ. ಇಪ್ಪತ್ತೊಂದಕ್ಕೆ, ಭಾನುವಾರ ಹೋಗುತ್ತಾರೆ. ಮಗ ಎದುರು ಕೂತು ಸಮಾಧಾನದಿಂದಲೇ ಹೇಳಿದ. "ಜಗಳ ಏನಿಲ್ಲಮ್ಮ. ನೀನೂ ಆರಾಮಾಗಿ ಊಟ ಮಾಡ್ಬಹುದು, ಅವಳೂ ಆರಾಮಾಗಿ ಅಡುಗೆ ಮಾಡ್ಬಹುದು." ಅಷ್ಟು ನ್ಯಾಯವಾಗಿ ಹೇಳಿದರೆ ನಾನೇನು ಹೇಳಲಿ? "ಆಯ್ತಪ್ಪ" ಅಂದೆ.

ಸೊಸೆ ಒಂದು ಲೋಟ ನೀರು ತಂದು ನನ್ನ ಮುಂದೆ ಇಟ್ಟಳು. ನಾನು ಎದ್ದು ಹೋಗಿ ನಲ್ಲಿಯಿಂದ ಬೇರೆ ಲೋಟಕ್ಕೆ ಹಿಡಿದು ಕುಡಿದೆ. ಬೇಕೆಂದು ಮಾಡಲಿಲ್ಲ, ಕಾಲು ತಾನಾಗಿ ಎದ್ದಿತು. ಅವಳು ಆ ಲೋಟವನ್ನು ಎತ್ತಿಕೊಂಡು ಕಿಟಕಿಯ ಗಿಡಕ್ಕೆ ಹಾಕಿದಳು.

ಅವರು ಹೋಗುವುದು ನನಗೆ ಬೇಡ. ಇಲ್ಲಿ ಬರೆಯಬಹುದು, ಅಲ್ಲಿ ಹೇಳಲಾರೆ. ಇರಿ ಅಂದರೆ ಅವಳ ಕೈಯ ಊಟ ಮಾಡಬೇಕು. ಮಾಡಿದರೆ ತುಟಿ ಊದುತ್ತದೆ. ಹೆದರಿಕೆ ನನಗೆ.

ಏಪ್ರಿಲ್ 12, ಶುಕ್ರವಾರ, ಬೆಳಗ್ಗೆ 6

ಇವತ್ತಿನಿಂದ ಚಿಪ್ಪು ಮತ್ತೆ ಶುರು. ಐವತ್ತು ಕಿಲೋ. ತಿಂಗಳ ಹಸಿವು ಅಂತ ಎರಡನೇ ಶಿಫ್ಟಿನವರು ನಿನ್ನೆಯೇ ಕೇಳಿಹೋಗಿದ್ದಾರೆ. ಡಬ್ಬಿಗೆ ಬ್ರೆಡ್ಡು. ಮೈ ಚೆನ್ನಾಗಿದೆ. ಹೊರಟೆ.

ಏಪ್ರಿಲ್ 14, ಭಾನುವಾರ, ಆಸ್ಪತ್ರೆ

ಬದುಕಿದ್ದೇನೆ. ಮೊದಲು ಅದನ್ನು ಬರೆಯಬೇಕು.

ಶುಕ್ರವಾರ ಸಂಜೆ ನಾಲ್ಕು. ಸಾರು ಕುದಿಯುತ್ತಿತ್ತು. ರುಚಿ ನೋಡಿದೆ, ಉಪ್ಪು ಕಡಿಮೆ. ಹಾಕು ಅಂದೆ. ಗಡಿಬಿಡಿ ಹಾಕಿದಳು — ನಾನೂ ಹಾಕಿದ್ದೆ. ಮತ್ತೆ ನೋಡಿದೆ, ಸಮುದ್ರ. ಆಲೂಗಡ್ಡೆ ಹೆಚ್ಚಿ ಹಾಕಿದೆವು. ನೋಡಿದೆ. ನೀರು ಹಾಕಿದೆವು. ನೋಡಿದೆ. ಹುಳಿ ಹಿಂಡಿ ಮತ್ತೆ ನೋಡಿದೆ. ಆರೋ ಏಳೋ ಸಲ. ತುಟಿ ಜುಮ್ಮೆಂದಿತು, ಮೆಣಸಿನ ಘಾಟು ಅಂದುಕೊಂಡೆ. ಆಮೇಲೆ ಗಂಟಲನ್ನು ಯಾರೋ ಹಗ್ಗ ಹಾಕಿ ಬಿಗಿದ ಹಾಗೆ. ಮಾತಾಡಲು ಹೋದರೆ ಸೀಟಿಯಂಥ ಸದ್ದು.

"ಅಕ್ಕಾ, ನಿಮ್ಮ ಮುಖ!" ಎಂದು ಗಡಿಬಿಡಿ ಕಿರುಚಿದ್ದು ನೆನಪಿದೆ. ಓಡಿದಳು. ಅವಳ ಗಡಿಬಿಡಿ ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೆಲಸಕ್ಕೆ ಬಂತು. ಯಾರ್ಡಿನ ನರ್ಸು ಬಂದವಳೇ ಬಟ್ಟೆಯ ಮೇಲಿಂದಲೇ ತೊಡೆಗೆ ಸೂಜಿ ಚುಚ್ಚಿದಳು. ಗಂಟಲು ಬಿಟ್ಟುಕೊಂಡಿತು. ಒಂದು ಉಸಿರು ಒಳಗೆ ಹೋಯಿತು ನೋಡಿ, ಅಂಥ ರುಚಿಯ ವಸ್ತು ನಾನು ಜನ್ಮದಲ್ಲಿ ಮಾಡಿಲ್ಲ.

ಆಂಬ್ಯುಲೆನ್ಸಿನಲ್ಲಿ ಮಲಗಿ ಯೋಚಿಸಿದೆ. ಬೇಡವೆಂದರೂ ಬಂತು ಯೋಚನೆ. ಇವತ್ತು ಅವಳ ಕೈಯಿಂದ ನೀರು ಕೂಡ ಕುಡಿದಿಲ್ಲ. ತಿಂದದ್ದು ನನ್ನ ಬ್ರೆಡ್ಡು. ಆ ಅಡುಗೆಮನೆಯಲ್ಲಿ ಅವಳ ಎಣ್ಣೆ ಇರಲಿಲ್ಲ, ಮಸಾಲೆ ಇರಲಿಲ್ಲ. ನಾನಿದ್ದೆ, ನನ್ನ ಸಾರಿತ್ತು.

ಕಣ್ಣು ಬಿಟ್ಟಾಗ ಪಕ್ಕದಲ್ಲಿ ಸೊಸೆ. ಅಂಗಡಿಯ ಬಿಳಿ ಕೋಟಿನಲ್ಲೇ ಓಡಿಬಂದಿದ್ದಳು. ‘ನಾನು ಆವತ್ತೇ ಹೇಳಿದ್ದೆ’ ಅನ್ನುತ್ತಾಳೆಂದು ಕಾದೆ. ನಾನಾಗಿದ್ದರೆ ಅನ್ನುತ್ತಿದ್ದೆ, ಬಾಗಿಲು ತೆಗೆದಿಟ್ಟು ಊರಿಗೆಲ್ಲ ಕೇಳುವ ಹಾಗೆ. ಅವಳು ನನ್ನ ಎಡಗೈ ಹಿಡಿದು ಹೆಬ್ಬೆರಳ ಬುಡ ನೋಡಿ, "ಇಳೀತಿದೆ" ಅಂದಳು. ಅಷ್ಟೇ. ನಾನು ಕಣ್ಣು ಮುಚ್ಚಿಕೊಂಡೆ, ನಿದ್ದೆ ಬಂದವಳ ಹಾಗೆ.

ಏಪ್ರಿಲ್ 15, ಸೋಮವಾರ

ಅದೇ ಡಾಕ್ಟರ್. ಸೊಸೆ ಜೊತೆಗೆ ಬಂದಳು. ಮಗ ಕಳಿಸಿದನೋ, ತಾನಾಗಿ ಬಂದಳೋ. ಕೇಳಲಿಲ್ಲ.

ಡಾಕ್ಟರ್ ನನ್ನ ಗೆರೆ ಹಾಳೆಗಳನ್ನು ಮಗುಚಿ ಹಾಕಿದಳು. "ಎಲ್ಲೂ ಚಿಪ್ಪು ಅಂತ ಬರೆದೇ ಇಲ್ವಲ್ಲ?"

"ತಿಂದಿಲ್ಲಮ್ಮ. ತಿಂದಿದ್ರೆ ತಾನೇ ಬರೆಯೋದು?"

ಸೊಸೆ ಮೆಲ್ಲಗೆ ಅಂದಳು, "ಡಾಕ್ಟ್ರೇ, ಅತ್ತೆ ತಿನ್ನಲ್ಲ. ರುಚಿ ನೋಡ್ತಾರೆ."

ಡಾಕ್ಟರ್ ಪೆನ್ನು ಕೆಳಗಿಟ್ಟಳು. "ಶುಕ್ರವಾರ ಎಷ್ಟು ಸಲ ನೋಡಿದ್ರಿ?"

"ಏಳು ಇರಬಹುದು."

"ಏಳು ಸಲ ಬಾಯಿಗೆ ಹೋಗಿದೆ. ಆದ್ರೂ ತಿಂದಿಲ್ಲ?"

ಯಾವ ಅಡುಗೆಯವರನ್ನು ಬೇಕಾದರೂ ಕೇಳಲಿ, ಇದನ್ನೇ ಹೇಳುತ್ತಾರೆ. ರುಚಿ ನೋಡಿದ್ದು ಲೆಕ್ಕಕ್ಕಿಲ್ಲ. ಅದು ಕೆಲಸ. ಟೈಲರ್ ಅಂಗಿಯನ್ನು ಎತ್ತಿ ಹಿಡಿದು ನೋಡಿದರೆ ತೊಟ್ಟ ಹಾಗಾಯಿತೇ? ಹಾಗಂತ ಹೇಳಿಯೂ ಬಿಟ್ಟೆ. ಡಾಕ್ಟರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು. ಇದು ದೊಡ್ಡ ವಯಸ್ಸಿನಲ್ಲೂ ಹೊಸದಾಗಿ ಶುರುವಾಗಬಹುದು. ಒಂದು ತೊಟ್ಟು ಸಾಕು, ದದ್ದು ಏಳಲು ಎರಡು ಗಂಟೆ ಹಿಡಿದರೂ ಹಿಡಿಯಬಹುದು. ಕುದಿಯುವ ಹಬೆ ಕೂಡ ಮೈಗೆ ಆಗದೆ ಇರಬಹುದು. ಇನ್ನೊಂದು ಸಲ ಇದಕ್ಕಿಂತ ಜೋರಾಗಿ ಬಂದರೆ ನರ್ಸು ಓಡಿಬರುವಷ್ಟು ಹೊತ್ತು ಸಿಗದಿರಬಹುದು.

ರಕ್ತ ತೆಗೆದುಕೊಂಡರು. ಚಿಪ್ಪೊಂದೇ ಆಗದೋ, ಸಿಗಡಿ ಏಡಿಯೂ ಆಗದೋ, ಅದರಲ್ಲಿ ಗೊತ್ತಾಗುತ್ತದಂತೆ. ಮೀನೂ ಅಂದುಬಿಟ್ಟರೆ? ಯಾರ್ಡಿನ ಕ್ಯಾಂಟೀನು ನಡೆಯುವುದೇ ಸಮುದ್ರದ ಮೇಲೆ. ನನಗೆ ಬೇರೆ ವಿದ್ಯೆ ಬರುವುದಿಲ್ಲ.

ಬಸ್ಸಿನಲ್ಲಿ ಪಕ್ಕಪಕ್ಕದಲ್ಲಿ ಕೂತು ಬಂದೆವು. ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದು ಎಂಟು ಸ್ಟಾಪು ಹಾಗೇ ಕೂತಿತ್ತು. ನಮ್ಮ ಸ್ಟಾಪು ಬಂತು. ಇಳಿದೆವು.

ಏಪ್ರಿಲ್ 18, ಗುರುವಾರ

ಬಂತು ರಿಪೋರ್ಟು!! ಚಿಪ್ಪಿನ ಜಾತಿಯದು ಆಗದು. ಕಪ್ಪೆಚಿಪ್ಪು, ಅದರ ಬಳಗ, ಸ್ಕ್ವಿಡ್ — ಜನ್ಮದಲ್ಲಿ ಮುಟ್ಟುವ ಹಾಗಿಲ್ಲ. ಸಿಗಡಿ — ಏನಿಲ್ಲ. ಏಡಿ — ಏನಿಲ್ಲ. ಮೀನು — ಏನಿಲ್ಲ, ಏನಿಲ್ಲ, ಏನಿಲ್ಲ. ಡಾಕ್ಟರ್ ಮೂರು ಸಲ ಹೇಳಲಿಲ್ಲ, ನಾನೇ ಮೂರು ಸಲ ಬರೆಯುತ್ತಿದ್ದೇನೆ. ಹೋದ ಜೀವ ಬಂದಂತಾಯಿತು. ಬ್ಯಾಗಿನಲ್ಲಿ ಯಾವಾಗಲೂ ಎರಡು ಇಂಜೆಕ್ಷನ್ ಇರಬೇಕಂತೆ. ಇರಲಿ, ಲಿಪ್‌ಸ್ಟಿಕ್ ಇಟ್ಟುಕೊಳ್ಳುವ ವಯಸ್ಸು ಹೇಗೂ ಹೋಯಿತು.

ಇವರು ರಿಪೋರ್ಟ್ ಓದಿ, "ಬೀನ್ಸು ಅಂತ ಎಲ್ಲೂ ಇಲ್ವಲ್ಲ" ಅಂದರು. ಇವರಿಗೆ ಯಾವಾಗ ಚುಚ್ಚಬೇಕೆಂದು ಚೆನ್ನಾಗಿ ಗೊತ್ತು.

ಏಪ್ರಿಲ್ 19, ಶುಕ್ರವಾರ

ಸೂಪರ್‌ವೈಸರ್ ಮುಂದೆ ರಿಪೋರ್ಟ್ ಇಟ್ಟೆ. ಚಿಪ್ಪು ಅವರ ಕೂಸು, ನನ್ನನ್ನೇ ಬೇರೆ ಕಡೆ ಹಾಕುತ್ತಾರೆ ಅಂದುಕೊಂಡಿದ್ದೆ. ಅವರು ಓದಿದರು, ಎದ್ದರು, ಡಸ್ಟರ್ ಹುಡುಕಿದರು, ಸಿಗಲಿಲ್ಲ, ಅಂಗಿಯ ತೋಳಿನಿಂದಲೇ ಬೋರ್ಡು ಒರೆಸಿದರು.

"ನೀವಿಲ್ದೆ ಚಿಪ್ಪು ಇಟ್ಕೊಂಡು ನಾನೇನು ಮಾಡ್ಲಿ ಅಕ್ಕ? ಸಿಗಡಿ ಹಾಕೋಣ. ಆದ್ರೂ ರುಚಿ ಗಡಿಬಿಡಿ ನೋಡ್ಲಿ ಸ್ವಲ್ಪ ದಿನ."

ಗಡಿಬಿಡಿ ರುಚಿ ನೋಡಿದರೆ ಯಾರ್ಡೇ ಮುಚ್ಚುತ್ತದೆ. ಆದರೂ ಹೂಂ ಅಂದೆ. ಹೊಟ್ಟೆಗೆ ಹಾಲು ಹೊಯ್ದ ಹಾಗಿತ್ತು.

ಮನೆಗೆ ಬಂದರೆ ಹಾಲ್ ತುಂಬ ರಟ್ಟಿನ ಪೆಟ್ಟಿಗೆ. ಸೊಸೆಯ ಪಾತ್ರೆ, ಮಗನ ಶೂಸು. ನನ್ನ ಗಂಟಲು ಬಿಟ್ಟಿತು, ಕೆಲಸ ಉಳಿಯಿತು. ಭಾನುವಾರ ಮಾತ್ರ ನಾಳಿದ್ದೇ.

ಏಪ್ರಿಲ್ 20, ಶನಿವಾರ, ಮಧ್ಯಾಹ್ನ 3

ಹೇಳಿದೆ. ಮಗ, ಇವರು ಇಬ್ಬರೂ ಹೊರಗೆ ಹೋಗಿದ್ದಾಗ. ಅವಳು ಡಬ್ಬಿಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು.

"ತಪ್ಪು ನಂದು. ಕಾಯಿಲೆ ನನ್ನ ಸಾರಲ್ಲಿತ್ತು, ನಿನ್ನ ಮೇಲೆ ಹಾಕಿದೆ. ನೀನು ದಾರಿ ತೋರಿಸಿದ್ರೂ ನೋಡ್ಲಿಲ್ಲ. ಕ್ಷಮಿಸು ಮಗಳೇ."

ಹೇಳಿದರೆ ಮುಗಿಯಿತು, ಅಪ್ಪಿಕೊಳ್ಳುತ್ತಾಳೆ ಎಂದು ನನ್ನ ಲೆಕ್ಕ. ಅವಳು ಡಬ್ಬಿ ಸುತ್ತುವುದನ್ನು ನಿಲ್ಲಿಸಲಿಲ್ಲ.

"ಐದು ವಾರ ಆಯ್ತು, ಅತ್ತೆ. ನನ್ನ ಕೈಯಿಂದ ನೀರು ಕೂಡ ತಗೊಳ್ಲಿಲ್ಲ. ಅಂಗಡಿಯಲ್ಲಿ ನಾನು ನನ್ನ ಕೈನೇ ನೋಡ್ಕೊಳ್ತಿದ್ದೆ. ಏನಿದೆ ಇದರಲ್ಲಿ ಅಂತ." ಧ್ವನಿ ಒಡೆಯಿತು. ನಾನೂ ಅತ್ತೆ. ಮುಚ್ಚಿಡುವುದು ಏನು, ಜೋರಾಗಿಯೇ ಅತ್ತೆ.

ಮೂಗು ಒರೆಸಿಕೊಂಡು, "ಇವತ್ತು ಸಂಜೆ ನೀನು ಅಡುಗೆ ಮಾಡು. ನಾನು ಊಟ ಮಾಡ್ತೀನಿ" ಅಂದೆ.

"ರಿಪೋರ್ಟ್ ಬಂದಿದೆಯಲ್ಲ, ಅದಕ್ಕಾ?"

"ಹೂಂ."

"ರಿಪೋರ್ಟಿಗೆ ಗೊತ್ತಾಯ್ತು ಅತ್ತೆ. ನಿಮಗೆ ಗೊತ್ತಾಗಿದೆಯಾ?"

ಒಳಗೆ ಎಲ್ಲೋ ಇನ್ನೂ ಹೆದರಿಕೆ ಇತ್ತು. ಅವಳಿಗೆ ಅದೂ ಕಂಡಿತು.

ಸಂಜೆ 6.05

ಬಡಿಸಿದಳು. ಅನ್ನ, ಬೇಳೆ, ಹುರಿದ ಬೀನ್ಸ್. ಬೇಕೆಂದೇ ಅದನ್ನೇ ಮಾಡಿದ್ದಾಳೆ. ಮೊದಲ ತುತ್ತಿಗೆ ಕೈ ತಡೆಯಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತಿಂದೆ. ಎರಡನೇ ಸಲ ಬೀನ್ಸ್ ಹಾಕಿಸಿಕೊಂಡೆ, ನೀರು ಅವಳ ಕೈಯಿಂದಲೇ ಇಸಿದುಕೊಂಡು ಕುಡಿದೆ.

6.30

ಏನೂ ಇಲ್ಲ. ಮಗ ಗಡಿಯಾರದ ಎದುರು ಕುರ್ಚಿ ಹಾಕಿಕೊಂಡಿದ್ದಾನೆ. ಇವರು ಇಂಜೆಕ್ಷನ್ ಕೈಯಲ್ಲಿ ಹಿಡಿದು ಪಕ್ಕದಲ್ಲಿ. "ತಲೆಕೆಳಗಾಗಿ ಹಿಡಿದಿದ್ದೀರಿ" ಅಂದೆ. ತಿರುಗಿಸಿಕೊಂಡರು.

7.10

ಮೂಗು ಕೆರೆಯಿತು. ಮೂವರೂ ಎದ್ದು ನಿಂತರು. ಬರೀ ಮೂಗು. ಅಪ್ಪ, ಮಗ ಕೂತರು.

7.40

ಏನೂ ಇಲ್ಲ. ಸೊಸೆ ಮಾತ್ರ ಕೂತಿಲ್ಲ. ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಾಳೆ. ನನಗೆ ಹೆದರಿಕೆ ಹೋಗಿ ಬಹಳ ಹೊತ್ತಾಯಿತು. ಮೂರನೇ ತುತ್ತಿಗೇ ಹೋಗಿತ್ತು. ಅವಳಿಗೆ ಹೋಗಬೇಕು.

8.10

ಎರಡು ಗಂಟೆ ಆಯ್ತು ಎಂದ ಮಗ. ಸೊಸೆ ಕೈ ಒರೆಸಿಕೊಂಡು ಬಂದು ನನ್ನ ಎಡಗೈ ಹಿಡಿದು ದೀಪದ ಕೆಳಗೆ ಆಚೆ ಈಚೆ ತಿರುಗಿಸಿದಳು, ಗಾಜಿನಲ್ಲಿ ಗೀರು ಹುಡುಕುವ ಹಾಗೆ. ಹೆಬ್ಬೆರಳ ಬುಡ ಒತ್ತಿ ನೋಡಿದಳು. "ಏನೂ ಇಲ್ಲ" ಅಂದಳು. "ನನಗೆ ಗೊತ್ತಿತ್ತು" ಅಂದೆ. ಈ ಸಲ ನಿಜವಾಗಿ ಗೊತ್ತಿತ್ತು. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದು, ಮಗನಿಗೆ ಏನೋ ಸನ್ನೆ ಮಾಡಿದಳು. ಅವನು ಫೋನ್ ಎತ್ತಿಕೊಂಡು ಹೊರಗೆ ಹೋದ. ರೂಮಿನ ಮಾಲೀಕರಿಗಂತೆ.

ಹಾಲಿನಲ್ಲಿ ಪರಪರ ಅಂತ ಟೇಪ್ ಕೀಳುತ್ತಿದ್ದಾಳೆ. ಮೊದಲ ಪೆಟ್ಟಿಗೆ ಬಿಚ್ಚಿಯಾಯಿತು. "ಅತ್ತೆ, ನನ್ನ ಮಸಾಲೆ ಡಬ್ಬಿ ಎಲ್ಲಿಡ್ಲಿ?" ಅಂತ ಕರೆಯುತ್ತಿದ್ದಾಳೆ. ಒಲೆಯ ಪಕ್ಕದ ಶೆಲ್ಫು ಈ ಮನೆಗೆ ಬಂದಾಗಿನಿಂದ ನನ್ನದೇ, ಯಾರಿಗೂ ಮುಟ್ಟಲು ಬಿಟ್ಟಿಲ್ಲ. ಬಂದೆ ಕಣೇ, ತಡಿ, ನನ್ನ ಡಬ್ಬಿಗಳನ್ನ ತೆಗೆದು ನಿನ್ನವನ್ನ ಅಲ್ಲೇ —